ತುದಿ ಕಚ್ಚುವ ಮಷಿನ್ನು

ಗಿರಾಕಿ ವಾಪಸ್ ಕಳಿಸಿದ ಮೇಜಿನ ಹಲಗೆಯನ್ನು ದೊಡ್ಡ ಮೇಸ್ತ್ರಿ ಕಾರ್ಖಾನೆಯ ನಡುಮಧ್ಯೆ ನಿಲ್ಲಿಸಿದ. ಎಲ್ಲರಿಗೂ ಕಾಣಲಿ ಅಂತಲೇ. ತುದಿಯಲ್ಲಿ ಗೇಣುದ್ದ ತಗ್ಗು. ಹೊಳಪು ಅಲ್ಲಿಗೆ ಬಂದು ಮುಗ್ಗರಿಸಿದ ಹಾಗಿತ್ತು.

"ಪಾಲಿಶ್ ಮಾಡೋರು ಕಣ್ಣು ಬಿಟ್ಟು ಮಾಡಿದ್ರೆ ಈ ಗತಿ ಬರ್ತಿರಲಿಲ್ಲ" ಎಂದ, ಯಾರ ಮುಖವನ್ನೂ ನೋಡದೆ.

ಅಲ್ಲಿ ಪಾಲಿಶ್ ಮಾಡುವವಳು ಒಬ್ಬಳೇ, ಅವನ ತಮ್ಮನ ಹೆಂಡತಿ. ಮದುವೆಯಾದ ಹೊಸತರಲ್ಲಿ ಗಂಡನಿಗೆ ಊಟದ ಡಬ್ಬಿ ಕೊಡಲು ಬಂದವಳು ಒಮ್ಮೆ ಮರಳು ಕಾಗದ ಕೈಗೆತ್ತಿಕೊಂಡಳು. ಆಮೇಲೆ ಕೆಳಗಿಡಲೇ ಇಲ್ಲ. ಬಾಗಿಲು, ಮಂಚ, ಮೇಜು, ಏನೇ ಹೊರಗೆ ಹೋಗಬೇಕಾದರೂ ಅವಳ ಅಂಗೈ ಸವರಿಯೇ ಹೋಗಬೇಕು. ಆದರೆ ಹಲಗೆ ಹೆರೆಯುವ ಮಷಿನ್ನು ಮಾತ್ರ ಭಾವನದು. ಅದರ ಹತ್ತಿರ ತಮ್ಮನನ್ನೂ ಅವನು ಬಿಟ್ಟುಕೊಳ್ಳುತ್ತಿರಲಿಲ್ಲ.

"ಅದು ಪಾಲಿಶ್ ತಪ್ಪಲ್ಲ ಭಾವ. ಮಷಿನ್ನೇ ತುದಿ ಕಚ್ತಿದೆ. ಎಷ್ಟು ಸಲ ಹೇಳಿದ್ದೀನಿ."

"ಮಷಿನ್ ವಿಷಯಕ್ಕೆ ನೀನು ಮೂಗು ತೂರಿಸ್ಬೇಡ."

"ಸರಿ. ನೀವೂ ನನ್ನ ಕೆಲಸದ ಮೇಲೆ ಗೂಬೆ ಕೂರಿಸ್ಬೇಡಿ."

ಮಾತು ಬೆಳೆಯುವುದನ್ನು ಕಂಡು ಗಂಡ ಮೊಳೆ ಹೊಡೆಯುವುದನ್ನು ಜೋರು ಮಾಡಿದ. ಅಣ್ಣನೆದುರು ಅವನದು ಯಾವಾಗಲೂ ಹಾಗೆಯೇ. ನಾಲಿಗೆಯ ಕೆಲಸವನ್ನೂ ಸುತ್ತಿಗೆಯೇ ಮಾಡಬೇಕು.

"ನಾಳೆಯಿಂದ ಮನೇಲಿರು. ಪಾಲಿಶಿಗೆ ಬೇರೆಯವರನ್ನ ಕರೀತೀನಿ" ಎಂದ ಭಾವ.

ಅವಳು ತೋಳೇರಿಸಿಕೊಂಡು ನೆಟ್ಟಗೆ ಹೋಗಿ ಮಷಿನ್ನಿನ ಪ್ಲಗ್ ಕಿತ್ತಳು. ಸ್ಪ್ಯಾನರ್ ಎತ್ತಿಕೊಂಡಳು.

"ಏನ್ ಮಾಡ್ತಿದ್ದೀಯ?"

"ಮನೇಲಿರ್ಬೇಕಾದ್ದು ನಾಳೆಯಿಂದ ತಾನೇ? ಇವತ್ತು ಇನ್ನೂ ಮುಗಿದಿಲ್ಲ."

ಆ ಮಷಿನ್ನಿಗೆ ಈಚೆಗೊಂದು, ಆಚೆಗೊಂದು ಕಬ್ಬಿಣದ ಹಾಸು. ನಡುವೆ ಬ್ಲೇಡುಗಳನ್ನು ಸಿಕ್ಕಿಸಿದ ಉರುಳೆ. ಈಚೆಯಿಂದ ತಳ್ಳಿದ ಹಲಗೆಯ ಅಡಿಯನ್ನು ಬ್ಲೇಡು ಹೆರೆದರೆ, ಹೆರೆದ ಭಾಗ ಆಚೆಯ ಹಾಸಿನ ಮೇಲೆ ಕೂರಬೇಕು. ಆ ಹಾಸು ಅದುರಿ ಅದುರಿ ಕೆಳಗಿಳಿದಿತ್ತು. ಹಾಗಾಗಿ ಹಲಗೆಯ ಬಾಲ ಈಚೆಯ ಹಾಸು ಬಿಟ್ಟ ಕೂಡಲೇ ಬ್ಲೇಡಿನ ಮೇಲೆ ಕುಸಿಯುತ್ತಿತ್ತು. ಅವಳು ತಿರುಪು ಸಡಿಲಿಸಿ ಆಚೆಯ ಹಾಸನ್ನು ಏರಿಸಿದಳು. ಪ್ಲಗ್ ಹಾಕಿ ಒಂದು ತುಂಡು ಹಲಗೆ ತಳ್ಳಿದಳು. ಅದು ಗೇಣು ಮುಂದೆ ಹೋಗಿ ಹಾಸಿನ ಅಂಚಿಗೆ ಢಿಕ್ಕಿ ಹೊಡೆದು ನಿಂತಿತು.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳ ಕಿವಿ ಕೆಂಪಾಯಿತು. ಏರಿಸಿದ್ದು ಜಾಸ್ತಿಯಾಗಿತ್ತು, ಅಷ್ಟೇ. ಮತ್ತೆ ಪ್ಲಗ್ ಕಿತ್ತು, ಆಚೆಯ ಹಾಸಿನ ಮೇಲೆ ಬ್ಲೇಡಿನ ಮೇಲಕ್ಕೆ ಚಾಚುವಂತೆ ನೇರವಾದ ಮರದ ಪಟ್ಟಿಯೊಂದನ್ನು ಇಟ್ಟು ಬಗ್ಗಿದಳು.

ಸುತ್ತಿಗೆಯ ಸದ್ದು ನಿಂತಿತು.

"ನಾನು ಉರುಳೆ ತಿರುಗಿಸ್ಲಾ?" ಗಂಡ ಪಕ್ಕದಲ್ಲಿ ನಿಂತಿದ್ದ.

"ನೀನೂನಾ?" ಎಂದ ಭಾವ.

"ಮೇಜು ವಾಪಸ್ ಬಂದಿದೆಯಲ್ಲ ಅಣ್ಣ. ಯಾರಾದ್ರೂ ನೋಡ್ಬೇಕಲ್ಲ."

ಅವನು ಉರುಳೆಯನ್ನು ಕೈಯಲ್ಲೇ ನಿಧಾನ ತಿರುಗಿಸಿದ. ಬ್ಲೇಡು ಪಟ್ಟಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ಸವರಿ ಹೋಗುವ ತನಕ ಅವಳು ಹಾಸನ್ನು ಇಳಿಸಿ, ತಿರುಪನ್ನು ಜಪ್ಪಯ್ಯ ಅಂದರೂ ಅಲ್ಲಾಡದಂತೆ ಬಿಗಿದಳು. ಪ್ಲಗ್ ಹಾಕಿ ತಳ್ಳಿದಾಗ ಈ ಸಲ ಹಲಗೆ ಬಾಲದವರೆಗೂ ಸಮನಾಗಿ ಬಂತು.

"ಆ ಗೆರೆ ಏನು ಮತ್ತೆ?" ಭಾವ ಬೆರಳು ತೋರಿಸಿದ. ಹಲಗೆಯ ಉದ್ದಕ್ಕೂ ದಾರದಂಥ ಒಂದು ಏಣು ಎದ್ದಿತ್ತು.

"ಹಲಗೇಲಿದ್ದ ಮೊಳೆ ನೋಡ್ದೆ ಹೆರೆದಿದ್ದೀರಿ. ಬ್ಲೇಡುಗಳೆಲ್ಲ ಒಂದೇ ಕಡೆ ಮುಕ್ಕಾಗಿವೆ." ಮತ್ತೆ ಪ್ಲಗ್ ಕಿತ್ತು, ಕೈಗೆ ದಪ್ಪ ಬಟ್ಟೆ ಸುತ್ತಿ, ಒಂದು ಬ್ಲೇಡನ್ನು ಸಡಿಲಿಸಿ, ಎತ್ತರ ಕೆಡದಂತೆ ತುಸು ಪಕ್ಕಕ್ಕೆ ಸರಿಸಿ ಬಿಗಿದಳು. ಪ್ಲಗ್ ಹಾಕಿ ಹಲಗೆಯನ್ನು ಮತ್ತೆ ತಳ್ಳಿದಾಗ ಒಂದು ಬ್ಲೇಡು ಬಿಟ್ಟ ಏಣನ್ನು ಇನ್ನೊಂದು ಹೆರೆಯಿತು. ಗೆರೆ ಮಾಯವಾಯಿತು.

ಭಾವ ಹಲಗೆಯನ್ನು ಸವರಿದ. ತುದಿಗೆ ಹೋಗಿ ಮತ್ತೆ ಸವರಿದ.

ಮರುದಿನ ಅವಳು ಎಂದಿನ ಹೊತ್ತಿಗೇ ಬಂದಳು. ಬೇರೆ ಪಾಲಿಶಿನವರು ಯಾರೂ ಬಂದಿರಲಿಲ್ಲ. ಭಾವ ಮುಖ ಗಂಟು ಹಾಕಿಕೊಂಡೇ ತಾನು ಹೆರೆದ ಹಲಗೆಯೊಂದನ್ನು ತಂದು ಅವಳ ಮುಂದೆ ಇಟ್ಟ. ಅವಳು ಕಣ್ಣು ಮುಚ್ಚಿ ಅಂಗೈ ಆಡಿಸಿದಳು.

"ಈ ಮೂಲೇಲಿ ಮರದ ಎಳೆ ಎದ್ದಿದೆ ಭಾವ. ಹಲಗೆ ತಿರುಗಿಸಿ ಇನ್ನೊಂದು ಸಲ ಮಷಿನ್ನಿಗೆ ಬಿಡಿ. ಹೀಗೇ ಇದ್ರೆ ನಾನು ಮುಟ್ಟಲ್ಲ."

ಅವನು ಏನೋ ಗೊಣಗಿದ. ಆಮೇಲೆ ಹಲಗೆಯನ್ನು ಹೆಗಲಿಗೇರಿಸಿಕೊಂಡು ಮಷಿನ್ನಿನ ಕಡೆಗೆ ನಡೆದ.