ಎಣ್ಣೆ ಹಚ್ಚಿಕೊಂಡು ಇನ್‌ಸ್ಪೆಕ್ಷನ್ನಿಗೆ

ಕಾಯಿಲೆ ತೋರಿಸಲು ಹೋಗುವಾಗ ಆ ಕಾಯಿಲೆಯನ್ನೇ ತೊಳೆದು, ಒರೆಸಿ, ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿಕೊಂಡು ಹೋಗುವ ಗಂಡಸರು ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನನ್ನ ಪಾಲಿಗೆ ಬಂದಿದ್ದಾರೆ.

ನಮ್ಮ ಯಜಮಾನರು ಸೈನ್ಯದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದವರು. ಬೂಟು, ಕಂಬಳಿ, ಡೇರೆ, ಏನೇ ವಾಪಸು ಬಂದರೂ ತಿರುವಿ ಮುರುವಿ ನೋಡಿ, ಇದು ನಡೆಯುತ್ತೆ, ಇದು ರಿಪೇರಿಗೆ, ಇದು ಕಂಡಮ್, ಅಂದರೆ ಬಿಸಾಡುವುದಕ್ಕೆ, ಎಂದು ಬೇರೆ ಬೇರೆ ರಾಶಿ ಹಾಕುವುದು ಅವರ ಕೆಲಸ. ಅಲ್ಲಿದ್ದಾಗಲೇ ಸೋರಿಯಾಸಿಸ್ ಶುರುವಾಯಿತು. ಮೊದಲು ಮೊಣಕೈ, ಆಮೇಲೆ ಬೆನ್ನು, ಈಗ ಅಂಗಾಲಿನವರೆಗೂ ಚರ್ಮ ಕೆಂಪಗೆ ಬಿರಿದು ಹೊಟ್ಟು ಏಳುತ್ತದೆ. ನಿವೃತ್ತ ಸೈನಿಕರಿಗೆ ಶೇಕಡಾ ಎಷ್ಟು ಅಂಗವೈಕಲ್ಯವಿದೆ ಎಂದು ನಿರ್ಧರಿಸಲು ಸೈನ್ಯದ ಆಸ್ಪತ್ರೆಯಲ್ಲಿ ವೈದ್ಯರ ಮಂಡಳಿಯಿದೆ. ಅವರು ‘ತೀವ್ರ’ ಎಂದರೆ ಹೊಸ ಇಂಜೆಕ್ಷನ್ ಸಿಗುತ್ತದೆ. ‘ಅಲ್ಪ’ ಎಂದರೆ ಅದೇ ಹಳೇ ಮುಲಾಮು.

ಹೋದ ವರ್ಷ ಇವರೊಬ್ಬರೇ ಹೋಗಿದ್ದರು. ಯಾರ ಮುಂದಾದರೂ ನೆಟ್ಟಗೆ ನಿಲ್ಲಬೇಕೆಂದರೆ ಸಾಕು, ಇವರಿಗೆ ಅದು ಇನ್‌ಸ್ಪೆಕ್ಷನ್ನೇ. ಹಿಂದಿನ ದಿನವೆಲ್ಲ ಎಣ್ಣೆ ಹಚ್ಚಿ, ನೆನೆಸಿ, ಹೊಟ್ಟನ್ನೆಲ್ಲ ಉಜ್ಜಿ ತೆಗೆದು, ಗರಿಗರಿ ಇಸ್ತ್ರಿ ಅಂಗಿ ತೊಟ್ಟು ಹೊರಟರು. ಏನಾದರೂ ತೊಂದರೆಯಿದೆಯೇ ಎಂದು ಅಲ್ಲಿ ಕೇಳಿದ್ದಕ್ಕೆ ಎದೆಯುಬ್ಬಿಸಿ “ಏನೂ ಇಲ್ಲ ಸರ್!” ಎಂದರಂತೆ. ಅವರು ‘ಅಲ್ಪ’ ಎಂದು ಬರೆದು ಕಳಿಸಿದರು. ಇವರು ಮನೆಗೆ ಬಂದು “ಪಾಸಾದೆ ಕಣೇ!” ಎಂದು ಬೀಗಿದರು. ಅದೇ ವಾರ ಅಂಗಾಲು ಬಿರಿದು, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವಂತಾಯಿತು.

ಈ ವರ್ಷ ಮತ್ತೆ ಕರೆದರು. ಈ ಸಲವೂ ‘ಅಲ್ಪ’ವಾದರೆ ಇನ್ನು ಕರೆಯುವುದಿಲ್ಲವಂತೆ. ಮೈಗೆ ಏನೂ ಹಚ್ಚದೆ ಬರಬೇಕೆಂದು ಆಸ್ಪತ್ರೆಯವರೇ ಹೇಳಿದ್ದರು. ನಾನು ಮುಲಾಮನ್ನೂ ಎಣ್ಣೆಯನ್ನೂ ನನ್ನ ಕೈಚೀಲಕ್ಕೆ ಹಾಕಿಕೊಂಡು ನೆಮ್ಮದಿಯಾಗಿದ್ದೆ. ಹೊರಡುವ ಹೊತ್ತಿಗೆ ಮನುಷ್ಯ ಕಾಣಲಿಲ್ಲ. ಅಡುಗೆಮನೆಗೆ ಹೋಗಿ ನೋಡಿದರೆ ಕರಿಯುವ ಎಣ್ಣೆಯ ಬಾಟಲಿ ಹಿಡಿದು ನಿಂತಿದ್ದಾರೆ.

“ಏನ್ರೀ ಇದು?”

“ಏನಿಲ್ಲ, ಬಾಟ್ಲಿ ಸೋರ್ತಾ ಇತ್ತು.”

“ಸೋರಿ ಸೋರಿ ನಿಮ್ಮ ಮೊಣಕೈಗೇ ಬಂತಾ?”

ಒದ್ದೆ ಬಟ್ಟೆಯಿಂದ ಒರೆಸಿ ಎಳೆದುಕೊಂಡು ಹೊರಟೆ.

ಮಂಡಳಿಯ ಪರವಾಗಿ ನೋಡಿದವರು ನಮ್ಮ ಮಗಳ ವಯಸ್ಸಿನ ಡಾಕ್ಟರು. ರೋಗಿಯ ಅಂಗೈಯೇ ಅವರ ಅಳತೆಗೋಲು. ಎಷ್ಟು ಅಂಗೈಯಷ್ಟು ಚರ್ಮ ಕೆಟ್ಟಿದೆಯೆಂದು ಲೆಕ್ಕ ಹಾಕುತ್ತಾರೆ. ನಮ್ಮವರು ಕತ್ತಿನವರೆಗೆ ಗುಂಡಿ ಹಾಕಿಕೊಂಡು ಕಂಬದ ಹಾಗೆ ನಿಂತು, ಮಣಿಕಟ್ಟು ಮಾತ್ರ ಮುಂದೆ ಚಾಚಿದರು.

“ಬೇರೆ ಕಡೆ ಏನಾದ್ರೂ ತೊಂದರೆ?”

“ಎಲ್ಲಾ ಸರಿಯಾಗಿದೆ ಮೇಡಂ!”

ನಾನು ಅವರ ಬೂಟನ್ನು ತುಳಿದೆ. ಅಲುಗಲಿಲ್ಲ. ಡಾಕ್ಟರು ಬರೆಯಲು ಪೆನ್ನು ಎತ್ತಿದರು. ಇಂಜೆಕ್ಷನ್ ಕೈತಪ್ಪಿತು ಎಂದುಕೊಂಡೆ. ಮರ್ಯಾದೆ ಗಿರ್ಯಾದೆ ಬದಿಗಿಟ್ಟು ಕೂಗಿಬಿಟ್ಟೆ.

“ರೀ, ಇದು ಚರ್ಮ ಅಲ್ಲ, ಕಂಬಳಿ ಅಂದ್ಕೊಳ್ಳಿ. ಯಾರೋ ನಿಮ್ಮ ಉಗ್ರಾಣಕ್ಕೆ ವಾಪಸ್ ತಂದಿದಾರೆ. ನಡೆಯುತ್ತೆ ಅಂತ ಒಳಗೆ ತಗೋತೀರಾ?”

ಮೇಲಧಿಕಾರಿ ಗದರಿಸಿದರೂ ಹರಿದ ಕಂಬಳಿಯನ್ನು ಪಾಸು ಮಾಡಿದವರಲ್ಲ ಅವರು. ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಒಂದೊಂದೇ ಗುಂಡಿ ಬಿಚ್ಚಿ, ತಮ್ಮದೇ ತೋಳನ್ನು ಯಾರದೋ ಸಾಮಾನಿನಂತೆ ತಿರುವಿ ನೋಡಿದರು.

“ಮೊಣಕೈ ಎರಡೂ ಕಂಡಮ್, ಮೇಡಂ. ಬೆನ್ನು ಕಂಡಮ್. ಹೊಟ್ಟೆ ರಿಪೇರಿಗೆ. ಅಂಗಾಲು... ಅಂಗಾಲೂ ಕಂಡಮ್. ಮುಖ ನಡೆಯುತ್ತೆ.”

“ಮುಖದ್ದು ಅವರ ಅಭಿಪ್ರಾಯ ಅಷ್ಟೇ,” ಎಂದೆ ನಾನು.

ಡಾಕ್ಟರು ನಗು ನುಂಗಿಕೊಂಡು, ನಮ್ಮವರದೇ ಅಂಗೈ ಹಿಡಿದು ಬೆನ್ನು, ಸೊಂಟ, ಕಾಲು ಎಲ್ಲ ಅಳೆದರು.

“ನಿದ್ದೆ ಬರುತ್ತಾ?”

“ಹಾಲ್‌ನಲ್ಲಿ ಮಲಗ್ತೀನಿ ಮೇಡಂ.”

“ಯಾಕೆ?”

ನಮ್ಮವರು ಓರೆಗಣ್ಣಿನಿಂದ ನನ್ನ ಕಡೆ ನೋಡಿದರು. ಆದರೆ ಲೆಕ್ಕ ಒಪ್ಪಿಸಲು ನಿಂತರೆ ಅರ್ಧಕ್ಕೆ ಬಿಡುವ ಜಾಯಮಾನ ಅವರದಲ್ಲ.

“ಹಾಸಿಗೆ ತುಂಬ ಹೊಟ್ಟು ಉದುರುತ್ತೆ. ಒಂದೊಂದ್ಸಲ ರಕ್ತಾನೂ ಅಂಟುತ್ತೆ. ಇವಳಿಗೆ ಅಸಹ್ಯ ಆಗ್ಬಾರ್ದು ಅಂತ... ಇವಳು ಗೊರಕೆ ಹೊಡೀತಾಳೆ ಅಂತ ಸುಳ್ಳು ಹೇಳಿ ಮಂಚ ಆಚೆ ಹಾಕ್ಕೊಂಡೆ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಎಷ್ಟು ವರ್ಷ! ನನ್ನ ತಂಗಿಯರು ಹಾಸ್ಯ ಮಾಡಿದ್ದರು. ಮೂಗಿಗೆ ಹಬೆ ತೆಗೆದುಕೊಂಡಿದ್ದೆ. ಮಗಳ ಮನೆಗೆ ಹೋದಾಗ ಅಳಿಯಂದಿರಿಗೆ ಕೇಳಿಸೀತೆಂದು ಬಾಗಿಲ ಸಂದಿಗೆ ಬಟ್ಟೆ ತುರುಕಿ ಮಲಗಿದ್ದೆ. ಇವರನ್ನು ಅಲ್ಲೇ ಹಿಡಿದು ನಾಲ್ಕು ಬಾರಿಸೋಣವೆನಿಸಿತು. ಬಾರಿಸೋಣವೆಂದರೆ ಮೈಮೇಲೆ ನೋಯದ ಜಾಗವೇ ಇರಲಿಲ್ಲ. ಅದಕ್ಕೇ ಅಳು ಬಂತು.

“ಅದನ್ನೂ ಬರ್ಕೊಳ್ಳಿ ಡಾಕ್ಟ್ರೇ,” ಎಂದೆ ಮೂಗು ಒರೆಸಿಕೊಳ್ಳುತ್ತ. “ನಾನು ಗೊರಕೆ ಹೊಡಿಯಲ್ಲ ಅಂತ.”

“ಅದಕ್ಕೆ ಇಲ್ಲಿ ಜಾಗ ಇಲ್ಲಮ್ಮ,” ಎಂದು ಡಾಕ್ಟರು ನಕ್ಕು, ಯಜಮಾನರ ಕಡೆ ತಿರುಗಿದರು. “ತೀವ್ರ ಅಂತ ಬರೆದಿದೀನಿ.”

ಇವರು ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗಾದರು. ಇನ್ನೇನು ಸಲ್ಯೂಟ್ ಹೊಡೆದು ಹೊರಡುತ್ತಾರೆಂದುಕೊಂಡೆ.

“ಕಂಡಮ್ ಆದ ಮಾಲಿಗೆ ಬದಲಿ ಕೊಡ್ಬೇಕು ಮೇಡಂ. ಯಾವಾಗ ಕೊಡ್ತೀರಿ?”

ತಮಗಾಗಿ ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೋಮವಾರ ಮೊದಲ ಇಂಜೆಕ್ಷನ್ ಎಂದರು ಡಾಕ್ಟರು.

ಮನೆಗೆ ಬಂದವಳೇ ಸೆರಗು ಸಿಕ್ಕಿಸಿಕೊಂಡು ಹಾಲ್‌ನಲ್ಲಿದ್ದ ಮಂಚವನ್ನು ಕೋಣೆಯ ಕಡೆ ಎಳೆಯತೊಡಗಿದೆ.

“ಹೊಟ್ಟು ಉದುರುತ್ತೆ ಕಣೇ. ಇಂಜೆಕ್ಷನ್ ಹಿಡಿಯೋವರೆಗಾದ್ರೂ ಇಲ್ಲೇ ಇರ್ತೀನಿ.”

“ಉದುರ್ಲಿ ಬಿಡ್ರಿ, ಮನೇಲಿ ಪೊರಕೆ ಇದೆ. ಆ ಕಡೆ ಹಿಡ್ಕೊಳ್ಳಿ,” ಎಂದೆ.

ಹಿಡಿದುಕೊಂಡರು.