ಗಾಯದ ಆಚೆ ಬದಿ

ಶುಕ್ರವಾರ ಸಂಜೆ ನಾನು ಕೆಲಸ ಮುಗಿಸಿ ಸಾಲ್ಫರ್ಡಿನ ನಮ್ಮ ಫ್ಲ್ಯಾಟಿಗೆ ಬಂದಾಗ ಊಟದ ಮೇಜಿನ ಮೇಲೆ ಊಟ ಇರಲಿಲ್ಲ, ಮರ ಇತ್ತು. ದೋಸೆ ಹೆಂಚಿನಷ್ಟು ಅಗಲದ ಒಂದು ಬಿಲ್ಲೆ, ಅದರ ಸುತ್ತ ಕಲ್ಲಂಗಡಿ ಹೋಳಿನ ಆಕಾರದ ಹನ್ನೊಂದು ತುಂಡು. ಮಗಳು ಕೃತಿ ಸೋಫಾ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದಳು. ನನ್ನ ಹೆಂಡತಿ ಪ್ರತೀಕ್ಷಾ ಭೂತಗನ್ನಡಿಯ ಮೇಲೆ ಬಗ್ಗಿದವಳು ತಲೆ ಎತ್ತಲಿಲ್ಲ.

"ಲ್ಯಾಬ್‌ನಲ್ಲಿ ಜಾಗ ಇಲ್ವಾ?"

"ವೀಕೆಂಡ್ ಬೀಗ ಹಾಕ್ತಾರೆ. ಬಾಗಿಲು ಹಾಕು ಗುರು, ಗಾಳಿಗೆ ಚೀಟಿ ಎಲ್ಲ ಹಾರತ್ತೆ."

ಮ್ಯಾಂಚೆಸ್ಟರಿನ ಯೂನಿವರ್ಸಿಟಿಯಲ್ಲಿ ಅವಳದು ಹಳೆಯ ಬೆಂಕಿಗಳನ್ನು ಹುಡುಕುವ ಕೆಲಸ. ಪೈನ್ ಮರ ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ. ಕಾಳ್ಗಿಚ್ಚು ಬುಡಕ್ಕೆ ತಾಗಿದ ವರ್ಷ ಆ ಉಂಗುರದಲ್ಲಿ ಕಪ್ಪು ಗಾಯ ಉಳಿಯುತ್ತದೆ. ತೊಗಟೆಯಿಂದ ಒಳಕ್ಕೆ ಎಣಿಸುತ್ತ ಹೋದರೆ ಬೆಂಕಿ ಬಿದ್ದ ವರ್ಷ ಸಿಗುತ್ತದೆ. ಕೇಳುವುದಕ್ಕೆ ಸುಲಭ. ಮೂರು ವರ್ಷದಿಂದ ಅದನ್ನೇ ಎಣಿಸಿ ಎಣಿಸಿ ಅವಳ ಕನ್ನಡಕದ ನಂಬರ್ ಎರಡು ಸಲ ಬದಲಾಗಿದೆ.

ಈಗ ಎಣಿಸುತ್ತಿದ್ದದ್ದು ಸ್ಕಾಟ್ಲೆಂಡಿನ ಬೆಟ್ಟದ ಒಂದು ಕಣಿವೆಯ ಮರಗಳನ್ನು. ಆ ಕಣಿವೆಯಲ್ಲಿ ಒಂದು ಸಣ್ಣ ಊರಿದೆ. ಹೋದ ಬೇಸಿಗೆಯಲ್ಲಿ ಬೆಟ್ಟದಾಚೆಯ ಪಕ್ಕದ ಕಣಿವೆಗೆ ಬೆಂಕಿ ಬಿತ್ತು, ಊರಿನವರು ಹೆದರಿದರು. ಬೆಂಕಿ ಬೆಟ್ಟ ದಾಟಿ ನಮ್ಮ ಕಡೆಗೂ ಬರುತ್ತದೆಯೇ ಎಂದು ಅವರ ಪ್ರಶ್ನೆ. ಪ್ರತೀಕ್ಷಾಳ ಉತ್ತರ ಸಿದ್ಧವಾಗಿತ್ತು. ಪಕ್ಕದ ಕಣಿವೆಯ ಹಳೆಯ ದೊಡ್ಡ ಬೆಂಕಿ 1867ರದ್ದು ಎಂದು ಬೇರೆಯವರು ಮೊದಲೇ ಕಂಡುಹಿಡಿದಿದ್ದರು. ಇವಳ ಹನ್ನೊಂದು ಮರಗಳ ಗಾಯ 1868ರದ್ದು. ಎಂದರೆ ಎರಡು ಬೇರೆ ಬೇರೆ ಬೆಂಕಿ, ನಡುವಿನ ಬೆಟ್ಟ ಎರಡನ್ನೂ ತಡೆದಿದೆ. ಮಂಗಳವಾರ ಅಲ್ಲಿನ ಸಭೆಯಲ್ಲಿ ಅವಳು ಹಾಗೆಂದು ಹೇಳಿದರೆ, ಊರಿನ ಮೇಲ್ಗಡೆ ಮರ ಕಡಿದು ಬೆಂಕಿ ತಡೆಯುವ ಖಾಲಿ ಪಟ್ಟಿ ಮಾಡುವ ಯೋಜನೆಯನ್ನು ಕೈಬಿಡುತ್ತಾರೆ.

"ಮತ್ತೆ ಏನು ತೊಂದರೆ?" ಎಂದೆ.

ಅವಳು ದುಂಡನೆಯ ಬಿಲ್ಲೆಯ ಮೇಲೆ ಬೆರಳಿಟ್ಟಳು. "ಇದು 1867 ಅಂತಿದೆ."

"ಹನ್ನೊಂದರ ಎದುರು ಒಂದು. ಓಟು ಹಾಕಿದ್ರೆ ಸೋತೋಯ್ತು."

"ಹೆಲೆನ್ ಕೂಡ ಅದೇ ಹೇಳಿದ್ಲು." ಹೆಲೆನ್ ಅವಳ ಪ್ರೊಫೆಸರ್. "ಅದು ಸತ್ತ ಮೋಟು, ಬಿಟ್ಬಿಡು ಅಂತ. ನನಗೆ ಯಾಕೋ ಬಿಡೋಕಾಗ್ತಿಲ್ಲ."

ಯಾಕೆ ಬಿಡಲಾಗುತ್ತಿಲ್ಲವೆಂದು ಅವಳಿಗೆ ಹೊಳೆದದ್ದು ಪಾತ್ರೆ ತೊಳೆಯುವಾಗ. ನಲ್ಲಿ ಹರಿಯಲು ಬಿಟ್ಟು, ಒದ್ದೆ ಕೈಯಲ್ಲೇ ಬಂದು ಮೇಜಿನ ಮುಂದೆ ನಿಂತಳು.

"ಜೀವಂತ ಮರಾನ ಅಡ್ಡ ಕೊಯ್ಯೋಕೆ ಬಿಡಲ್ಲ. ಗಾಯದ ಪಕ್ಕ ಒಂದು ಹೋಳು ತಗೋಬಹುದು, ಅಷ್ಟೇ. ಈ ಹನ್ನೊಂದೂ ಗಾಯದ ಪಕ್ಕದ ಹೋಳು. ಪೂರ್ತಿ ದುಂಡಗಿರೋದು ಮೋಟು ಒಂದೇ. ಅದನ್ನ ನಾನು ಗಾಯದ ಆಚೆ ಬದಿಯಿಂದ ಎಣಿಸಿದ್ದೆ, ಗಾಯದ ಪಕ್ಕ ಹುಳ ತಿಂದಿತ್ತು ಅಂತ."

"ಅದಕ್ಕೆ?"

"ಸುಟ್ಟ ಮರಕ್ಕೆ ಮಾರನೇ ವರ್ಷ ಗಾಯದ ಪಕ್ಕ ಉಂಗುರ ಬೆಳೆಯೋ ಶಕ್ತಿ ಇಲ್ದೇ ಇರಬಹುದು. ಆಚೆ ಬದಿ ಮಾತ್ರ ಬೆಳೆದಿರತ್ತೆ. ಅಂದ್ರೆ ಹನ್ನೊಂದರಲ್ಲೂ ನನಗೆ ಒಂದು ಉಂಗುರ ಕಮ್ಮಿ, 1868 ಅಂದಿದ್ದು 1867 ಇರಬಹುದು. ಒಂದನ್ನ ಇನ್ನೊಂದರ ಜೊತೆ ಹೋಲಿಸಿದೆ, ಎಲ್ಲ ತಾಳೆ ಆಯ್ತು. ಒಂದೇ ಕಡೆ ಕೊಯ್ದಿದ್ದು, ತಾಳೆ ಆಗ್ದೇ ಇರತ್ತಾ?"

"ಇರಬಹುದು, ಇರಬಹುದು ಅಂತಿದ್ದೀಯ."

"ಅದಕ್ಕೇ ನಾಳೆ ಹೋಗ್ಬೇಕು."

"ಒಂದು ವರ್ಷದ ವ್ಯತ್ಯಾಸಕ್ಕೆ ಸ್ಕಾಟ್ಲೆಂಡಿಗೆ?"

"ನೀನು ಕೋಡ್‌ನಲ್ಲಿ ಒಂದು ಸೆಮಿಕೋಲನ್ ಹುಡುಕ್ತಾ ಇಡೀ ವಾರ ಮೂತಿ ಊದಿಸ್ಕೊಂಡು ಕೂರಲ್ವಾ? ನಿನ್ನ ಸೆಮಿಕೋಲನ್ ಕೆಳಗೆ ಯಾರ ಮನೇನೂ ಇಲ್ಲ ಗುರು."

ನಾಳೆಯ ಬುತ್ತಿಗೆ ಪುಳಿಯೋಗರೆ ಗೊಜ್ಜು ಎಷ್ಟು ಉಳಿದಿದೆ ಎಂದು ನೋಡಲು ಫ್ರಿಜ್ ತೆಗೆದೆ.

ಬೆಳಿಗ್ಗೆ ಕೃತಿ ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮುಖ ದಪ್ಪ ಮಾಡಿಕೊಂಡಿದ್ದಳು. ಈಜಿನ ಕ್ಲಾಸ್ ತಪ್ಪಿತ್ತು. ಕಾರ್ಲೈಲ್ ದಾಟಿದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು. "ಅಮ್ಮಾ, ಹೌ ಕ್ಯಾನ್ ಎ ರಿಂಗ್ ಗೋ ಮಿಸ್ಸಿಂಗ್?"

"ಅಜ್ಜಿ ಚಿರೋಟಿ ಮಾಡ್ತಾರಲ್ಲ, ಪದರ ಪದರ? ಲಟ್ಟಣಿಗೆ ಜೋರಾಗಿ ಒತ್ತಿದ ಕಡೆ ಏನಾಗತ್ತೆ?"

"ಅಂಟ್ಕೊಳತ್ತೆ."

"ಆ ಕಡೆಯಿಂದ ಎಣಿಸಿದ್ರೆ ಪದರ ಕಮ್ಮಿ. ಈ ಕಡೆಯಿಂದ ಎಣಿಸಿದ್ರೆ ಸರಿ."

ಕೃತಿ ಕಂಬಳಿಯಿಂದ ಮುಖ ಹೊರಗೆ ಹಾಕಿದಳು. "ಸೋ, ಯು ಓನ್ಲಿ ಲುಕ್ಡ್ ಅಟ್ ದ ಸ್ಕ್ವಾಶ್ಡ್ ಸೈಡ್?"

ನಾನು ನಕ್ಕುಬಿಟ್ಟೆ. ಪ್ರತೀಕ್ಷಾ ನಗಲಿಲ್ಲ. "ಹೌದು ಕಣೇ. ಅದನ್ನೇ ಮಾಡಿದ್ದು," ಎಂದು ಕಿಟಕಿಯಾಚೆ ನೋಡಿದಳು.

ಕಣಿವೆಯ ಗೇಟಿನಲ್ಲಿ ಇಯಾನ್ ಕಾಯುತ್ತಿದ್ದ. ಆ ಕಾಡನ್ನು ನೋಡಿಕೊಳ್ಳುವವನು; ಅವನ ಮನೆ ಬೆಟ್ಟದ ಬುಡದಲ್ಲೇ ಇದೆ, ಹೊಗೆಗೂಡು ಗೇಟಿನಿಂದಲೇ ಕಾಣುತ್ತದೆ. ಮರಗಳ ಆಚೆ ಬದಿಯಲ್ಲಿ ಪೆನ್ಸಿಲ್ ದಪ್ಪದ ತೂತು ಕೊರೆಯಲು ಕಾಡಿನ ಮಾಲೀಕರ ಒಪ್ಪಿಗೆಯನ್ನು ಫೋನಿನಲ್ಲೇ ಕೇಳಿ ಇಟ್ಟಿದ್ದ. ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ ಪ್ರತೀಕ್ಷಾ ಮುಚ್ಚುಮರೆ ಮಾಡದೆ ಹೇಳಿದಳು. ಅವನು ಟೊಪ್ಪಿಯನ್ನು ಹಿಂದಕ್ಕೆ ಸರಿಸಿ ಬೆಟ್ಟದ ಕಡೆ ಒಮ್ಮೆ ನೋಡಿದ, ಮುಂದೆ ನಡೆದ. ಕೃತಿ ಕಂಬಳಿ ಹೊದ್ದೇ ನಮ್ಮ ಹಿಂದೆ ಬಂದಳು.

ಮೊದಲ ಮರದ ಬುಡದಲ್ಲಿ ಕಪ್ಪು ಗಾಯ ಗುಡಾರದ ಬಾಗಿಲಿನಂತೆ ತೆರೆದಿತ್ತು. ಪ್ರತೀಕ್ಷಾ ಆಚೆ ಬದಿಗೆ ಹೋಗಿ, ಟೊಳ್ಳು ಕೊಳವೆಯ ಬೈರಿಗೆಯನ್ನು ತೊಗಟೆಗೆ ಒತ್ತಿ ತಿರುಗಿಸತೊಡಗಿದಳು. ಅದಕ್ಕೆ ಮೋಟಾರು ಇಲ್ಲ, ಕೈಯೇ ಮೋಟಾರು. ಅರ್ಧ ಹೋಗುವಷ್ಟರಲ್ಲಿ ಅವಳ ತುಟಿ ಬಿಗಿಯಿತು. ನಾನು ಕೈ ನೀಡಿದೆ.

"ಬೇಡ. ಅಲುಗಾಡಿದ್ರೆ ಕಡ್ಡಿ ಮುರಿಯತ್ತೆ."

"ಅಲುಗಾಡ್ಸಲ್ಲ ಮಾರಾಯ್ತಿ."

"ನೀನು ಗೋಡೆಗೆ ಮೊಳೆ ಹೊಡೆದಿದ್ದು ನೋಡಿದ್ದೀನಿ."

ಕೊನೆಗೆ ಕೊಳವೆಯೊಳಗಿಂದ ಸಪೂರವಾದ ಮರದ ಕಡ್ಡಿಯನ್ನು ಎಳೆದಳು. ರಾಳದ ವಾಸನೆ ಮೂಗಿಗೆ ಅಡರಿತು. ಕಡ್ಡಿಯನ್ನು ಹಲಗೆಯಲ್ಲಿ ಕೊರೆದ ತೋಡಿನಲ್ಲಿಟ್ಟು, ಬ್ಲೇಡಿನಿಂದ ಮೇಲ್ಮೈ ಹೆರೆದು, ಭೂತಗನ್ನಡಿ ಹಿಡಿದಳು. ಎಲ್ಲಿ ನೋಡಬೇಕೆಂದು ದಾರಿಯಲ್ಲೇ ನನಗೆ ಹೇಳಿದ್ದಳು: ಒಂದು ಕಡೆ ಕೂದಲೆಳೆಯಂಥ ಮೂರು ಉಂಗುರಗಳ ಗುಂಪು, ಇನ್ನೊಂದು ಕಡೆ ಎಲ್ಲ ಮರದಲ್ಲೂ ಕಾಣುವ ಒಂದು ದಪ್ಪ ಉಂಗುರ. ಹೋಳುಗಳಲ್ಲಿ ಇವೆರಡರ ನಡುವೆ ಐದು ಉಂಗುರ, ಮೋಟಿನಲ್ಲಿ ಆರು.

ಐದು ಇರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಐದಿದ್ದರೆ ಊರಿಗೆ ನೆಮ್ಮದಿ, ಅವಳ ಮೂರು ವರ್ಷಕ್ಕೆ ನೆಮ್ಮದಿ, ನಮಗೆ ಬಿಸಿ ಕಾಫಿ. ಇಯಾನ್ ಏನು ಬೇಡಿಕೊಳ್ಳುತ್ತಿದ್ದನೋ, ಅವನ ಕಣ್ಣು ಮಾತ್ರ ಅವಳ ಕೈಯ ಮೇಲಿತ್ತು.

ಅವಳು ಸೂಜಿಯ ಮೊನೆಯಿಂದ ಎಣಿಸಿದಳು. ಮತ್ತೆ ಮೊದಲಿಂದ ಎಣಿಸಿದಳು. ಆಮೇಲೆ ಭೂತಗನ್ನಡಿಯನ್ನು ನನಗೆ ಕೊಟ್ಟು, "ನೀನು ಎಣಿಸು. ನಾನು ಏನೂ ಹೇಳಲ್ಲ," ಎಂದಳು.

ನಾಲ್ಕರವರೆಗೆ ಸಲೀಸಾಗಿ ಬಂತು. ಆಮೇಲಿನದು ಉಂಗುರವೋ ಗೀರೋ ತಿಳಿಯದಷ್ಟು ತೆಳು. ಕಡ್ಡಿಯನ್ನು ಬೆಳಕಿಗೆ ತಿರುಗಿಸಿದೆ. ಗೀರಲ್ಲ. ಒಂದು ಬದಿ ಸುಟ್ಟುಹೋದ ಮರ, ಉಳಿದ ಬದಿಯಲ್ಲಿ ಆ ವರ್ಷ ಕೂಡಿಸಿಟ್ಟದ್ದು ಇಷ್ಟೇ.

ಅದರಾಚೆ ಇನ್ನೊಂದು ಸ್ಪಷ್ಟವಾಗಿತ್ತು. "ಆರು," ಎಂದೆ.

ಅವಳು ತಲೆಯಾಡಿಸಿದಳು. ಕಣ್ಣಲ್ಲಿ ನೀರಿತ್ತು, ಆದರೆ ದನಿ ಗಟ್ಟಿಯಾಗಿಯೇ ಇತ್ತು. ಇಯಾನ್‌ಗೆ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದಳು: ಈ ಮರ 1868ರಲ್ಲಿ ಅಲ್ಲ, 1867ರಲ್ಲಿ ಸುಟ್ಟಿದೆ, ಆಚೆ ಕಣಿವೆ ಸುಟ್ಟ ವರ್ಷವೇ.

"ಹಾಗಾದರೆ ಬೆಟ್ಟ ತಡೆಯಲಿಲ್ಲವೇ?" ಎಂದು ಅವನು ಕೇಳಿದ.

"ತಡೆದಿದೆ ಅಂತ ಮಂಗಳವಾರ ನಾನು ಹೇಳಲಾರೆ. ಒಂದು ಮರದಿಂದ, ತಡೆದಿಲ್ಲ ಅಂತಲೂ ಹೇಳಲಾರೆ."

ಅಷ್ಟರಲ್ಲಿ ಹೆಲೆನ್ ಫೋನು ಬಂತು. ಪ್ರತೀಕ್ಷಾ ಅದನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಬೈರಿಗೆಯ ಕೊಳವೆ ಒರೆಸುತ್ತ ಮಾತಾಡಿದಳು. ಅತ್ತಲಿಂದ ಏನೋ ಉದ್ದವಾಗಿ ಕೇಳಿಸಿತು. ಸಭೆಯನ್ನು ಮುಂದೆ ಹಾಕೋಣ ಎಂಬ ಮಾತು ಇರಬೇಕು. "ಬೇಡ, ಹೆಲೆನ್. ಸಭೆ ನಡೆಯಲಿ. ತಪ್ಪಾಗಿದೆ ಅಂತ ನಾನೇ ನಿಂತು ಹೇಳ್ತೀನಿ. ಎಷ್ಟು ಮರದಲ್ಲಿ ತಪ್ಪಾಗಿದೆ ಅಂತ ಕತ್ತಲಾಗೋದರೊಳಗೆ ಗೊತ್ತಾಗತ್ತೆ," ಎಂಬರ್ಥದ ಮಾತು ಹೇಳಿ ಇಟ್ಟಳು.

ಇಯಾನ್ ಅವಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಎರಡನೇ ಮರದತ್ತ ಹೊರಟ. ಅದರ ಬುಡದಲ್ಲಿ ನಿಂತು ಅವಳು ಅಂಗೈ ಬಿಚ್ಚಿ ನೋಡಿಕೊಂಡಳು. ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು.

"ಗುರು."

"ಏನು?"

"ಅಲುಗಾಡಿಸ್ದೇ ತಿರುಗಿಸ್ತೀಯಾ?"

"ಮೊಳೆ ವಿಷಯ ಎತ್ತಲ್ಲ ಅಂದ್ರೆ."

"ಎತ್ತಲ್ಲ. ಹಿಡ್ಕೋ." ಬೈರಿಗೆಯ ಹಿಡಿ ಅವಳ ಕೈಯಿಂದ ಬೆಚ್ಚಗಾಗಿತ್ತು. ಅವಳು ನನ್ನ ಮೊಣಕೈಯನ್ನು ನೇರ ಮಾಡಿ, ಗಾಯದ ಆಚೆ ಬದಿಯಲ್ಲಿ, ತೊಗಟೆಯ ಮೇಲೆ ಜಾಗ ತೋರಿಸಿದಳು.