ನಲವತ್ತು ಕೋಳಿ, ಒಂದು ಬಾಯಿ

ಚಾಕು ತೊಳೆಯುತ್ತಿದ್ದ ಅಬ್ಬ ನಲ್ಲಿಯನ್ನು ಅರ್ಧಕ್ಕೇ ನಿಲ್ಲಿಸಿ ಮಗಳ ಕಡೆ ತಿರುಗಿದರು.

"ನಾನು ಹೇಳಿದ್ನಾ?"

"ಏನು?"

"ಬಿಸ್ಮಿಲ್ಲಾ. ಕೊನೇ ಬುಟ್ಟಿ ಕೋಳಿಗಳಿಗೆ ಹೇಳಿದ್ನಾ, ಇಲ್ವಾ?"

ಕೊಯ್ಯುವಾಗ ಒಂದೊಂದು ಕೋಳಿಗೂ ದೇವರ ಹೆಸರು ಹೇಳಿದರೇ ಅದು ಹಲಾಲ್. ಹೇಳಿದಿರಿ ಎನ್ನುವ ಮಾತು ಮಗಳ ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಅವಳಿಗೆ ನೆನಪಿದ್ದದ್ದು ಅಬ್ಬ ಹೇಳಿದ ಬೇರೆ ಮಾತುಗಳು. "ನಿನ್ನ ಮುದ್ರೆ ತಗೊಂಡು ಒಲೆಗೆ ಹಾಕು" ಅಂದಿದ್ದರು. "ನಾಲ್ಕು ಪುಸ್ತಕ ಓದ್ಬಿಟ್ಟು ಅಪ್ಪನಿಗೇ ಪಾಠ ಹೇಳೋಕೆ ಬಂದ್ಲು" ಅಂದಿದ್ದರು. ಅಷ್ಟು ಹೊತ್ತೂ ಅವರ ಕೈ ನಿಂತಿರಲಿಲ್ಲ. ಮೂವತ್ತು ವರ್ಷ ಪಳಗಿದ ಕೈ, ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡೇ ಹೋಗಿತ್ತು. ಬಾಯಿ ಇದ್ದದ್ದು ಒಂದೇ, ಅದು ಜಗಳಕ್ಕೆ ಹೋಗಿತ್ತು.

ಜಗಳ ಎದ್ದದ್ದು ಒಂದು ಅರ್ಜಿಯಿಂದ. ಬೀದಿಯ ತುದಿಯಲ್ಲಿ ದೊಡ್ಡ ಅಂಗಡಿ ಬಾಗಿಲು ತೆರೆದು ಮೂರು ತಿಂಗಳಾಗಿತ್ತು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಹಸಿರು ಹಲಾಲ್ ಮುದ್ರೆ ಹೊತ್ತ ಪ್ಯಾಕೆಟ್ಟುಗಳು ತಣ್ಣಗೆ ಮಲಗಿರುತ್ತಿದ್ದವು. ಅಬ್ಬನ ಅಂಗಡಿಗೆ ಬರುತ್ತಿದ್ದ ಹುಡುಗ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಆ ಕಡೆ ಸರಿದರು. ಉಳಿದವರು ಮಂಡಿನೋವಿನ ಹಳೇ ಗಿರಾಕಿಗಳು, ಅಷ್ಟು ದೂರ ನಡೆಯಲಾರದವರು. ಹೀಗೇ ಆದರೆ ಬಾಗಿಲು ಹಾಕಿ ಶೀತಲ ಗೋದಾಮಿನಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದು ಅಬ್ಬ ಊಟಕ್ಕೆ ಕೂತಾಗ ಎರಡು ಸಲ ಹೇಳಿದ್ದರು. ಎರಡನೇ ಸಲ ಹೇಳಿದಾಗ ಅಮ್ಮಿ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದ್ದು ಹೋಗಿದ್ದಳು.

ಮಗಳು ಕಾಲೇಜಿನ ಕೊನೇ ವರ್ಷಕ್ಕೆ ಆರಿಸಿಕೊಂಡ ವಿಷಯವೂ ಇದೇ: ಈಗಿನ ಹುಡುಗರು ಹಲಾಲ್ ಆಹಾರ ಕೊಳ್ಳುವುದು ಏನು ನೋಡಿ? ನೂರಿಪ್ಪತ್ತು ಜನರಿಂದ ಫಾರ್ಮ್ ತುಂಬಿಸಿದ್ದಳು. ಮನೆಯ ರೂಢಿ, ಸ್ನೇಹಿತರ ಮಾತು, ಸ್ವಚ್ಛತೆ, ಬೆಲೆ, ಮುದ್ರೆ. ಹೆಚ್ಚು ಜನ ಟಿಕ್ ಹಾಕಿದ್ದು ಮುದ್ರೆಗೆ. ಅದಕ್ಕೇ ಅವಳು ಮುದ್ರೆ ಕೊಡುವ ಮಂಡಳಿಯ ಅರ್ಜಿ ತಂದು ಬೆಳ್ಳಂಬೆಳಗ್ಗೆ ಅಬ್ಬನ ಮೂಗಿನ ಕೆಳಗೆ ಹಿಡಿದಿದ್ದು. ಹಿಡಿಯಲು ಆರಿಸಿಕೊಂಡ ಗಳಿಗೆ ಮಾತ್ರ ಕೆಟ್ಟದಾಗಿತ್ತು.

ಆ ದಿನವೇ ಕಾಲೇಜು ಹಾಸ್ಟೆಲಿನಿಂದ ನಲವತ್ತು ಕೋಳಿಗೆ ಮೊದಲ ಬೇಡಿಕೆ ಬಂದಿತ್ತು. ಅದನ್ನು ಗಿಟ್ಟಿಸಲು ಮಗಳು ಮೆಸ್ ಕಾರ್ಯದರ್ಶಿಯ ಹಿಂದೆ ಒಂದು ತಿಂಗಳು ಅಲೆದಿದ್ದಳು. ಇದು ರುಚಿಸಿದರೆ ವರ್ಷವಿಡೀ ಇಲ್ಲಿಂದಲೇ.

"ಯಾವ್ಯಾವುದು ಅಂತ ಬೇರೆ ಮಾಡಿಡೋಣ" ಅಂದಳು ಮಗಳು.

ಅಬ್ಬ ಪುಕ್ಕ ಬಿಡಿಸುವ ಯಂತ್ರದ ಕಡೆ ಗದ್ದ ಎತ್ತಿ ತೋರಿಸಿದರು. ನಲವತ್ತೂ ಅದರೊಳಗೆ ಸುತ್ತಿ, ಬೆತ್ತಲಾಗಿ, ಒಂದೇ ತೊಟ್ಟಿಗೆ ಬಿದ್ದಿದ್ದವು.

ಅಬ್ಬ ಮಸೀದಿಯ ಮೌಲಾನಾರಿಗೆ ಫೋನ್ ಮಾಡಿದರು. ಆ ಕಡೆಯಿಂದ ನಿದ್ದೆಗಣ್ಣಿನ ನಗು ಕೇಳಿಸಿತು. "ಮರೆವಿಗೆ ಕ್ಷಮೆ ಇದೆ ಕಣಯ್ಯಾ. ಧಾರಾಳವಾಗಿ ತಿನ್ನಬಹುದು."

"ಕೇಳಿದ್ರಲ್ಲ!" ಮಗಳಿಗೆ ಹೋದ ಜೀವ ಬಂದಂತಾಯಿತು. "ಮೌಲಾನಾನೇ ಹೇಳಿದ ಮೇಲೆ ಇನ್ನೇನು? ಕಟ್ಟಿಬಿಡೋಣ."

"ಕಟ್ಟೋಣ. ಆದ್ರೆ ಆ ಮೆಸ್ಸಿನ ಹುಡುಗಿಗೆ ಹೇಳಿ ಕಟ್ಟೋಣ."

"ಅಬ್ಬಾ! ಯಾಕೆ ಹೇಳ್ಬೇಕು? ಯಾರಿಗೆ ಗೊತ್ತಾಗುತ್ತೆ?"

"ನನ್ನ ತಟ್ಟೇಲಿರೋದು ನನಗೂ ಆ ದೇವ್ರಿಗೂ ಬಿಟ್ಟಿದ್ದು. ಅವ್ರ ತಟ್ಟೇಲಿರೋದು ಅವ್ರಿಗೆ ಗೊತ್ತಿರ್ಬೇಕಮ್ಮಾ."

ಮೆಸ್ ಕಾರ್ಯದರ್ಶಿ ಸ್ಕೂಟರಿನ ಎರಡೂ ಕಡೆ ಚೀಲ ನೇತುಹಾಕಿಕೊಂಡು ಏಳು ಗಂಟೆಗೆ ಬಂದಳು. ದಪ್ಪ ಕನ್ನಡಕದ, ಮಾತು ಕಡಿಮೆಯ ಹುಡುಗಿ. ಅಬ್ಬ ಏಪ್ರನ್ ಬಿಚ್ಚಿಟ್ಟು, ತಪ್ಪು ಮಾಡಿ ಮೇಷ್ಟ್ರ ಮುಂದೆ ನಿಂತವರ ಹಾಗೆ ನಿಂತು, ಎಲ್ಲವನ್ನೂ ಹೇಳಿದರು. ಜಗಳವನ್ನೂ ಬಿಡಲಿಲ್ಲ. ಮೌಲಾನಾ ಹೇಳಿದ್ದನ್ನೂ ಸೇರಿಸಿದರು. "ಮರೆತಿದ್ರೆ ಕ್ಷಮೆ ಇದೆಯಂತೆ. ನಾನು ಮರೆತ್ನೋ, ಸಿಟ್ಟಲ್ಲಿ ಕಡೆಗಣಿಸಿದ್ನೋ, ನನಗೇ ಗೊತ್ತಿಲ್ಲ. ಬೇಕೋ ಬೇಡ್ವೋ ನೀವೇ ಹೇಳಿ."

ಹುಡುಗಿ ತೊಟ್ಟಿಯನ್ನು ನೋಡಿದಳು, ಅಬ್ಬನನ್ನು ನೋಡಿದಳು. "ಹಾಸ್ಟೆಲಲ್ಲಿ ಅರ್ಧ ಜನಕ್ಕೆ ಹಲಾಲೇ ಆಗ್ಬೇಕು ಅಂಕಲ್. ಅವ್ರ ಪರವಾಗಿ ಹೂಂ ಅನ್ನೋಕೆ ನಾನ್ಯಾರು?" ಅಂದು, ಖಾಲಿ ಚೀಲಗಳನ್ನು ಮಡಚಿಕೊಂಡು ಹೊರಟುಹೋದಳು.

ಮಗಳು ಹಿಂದಿನ ಕೋಣೆಗೆ ಹೋಗಿ, ಕೋಳಿ ತುಂಬುವ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ಅತ್ತಳು. ಅಬ್ಬನ ಮೇಲೆ ಸಿಟ್ಟು ಬಂದಿತ್ತು. ಅರ್ಜಿ ಹಿಡಿದು ಬಂದ ತನ್ನ ಮೇಲೆ ಅದಕ್ಕಿಂತ ಹೆಚ್ಚು. ಒಂದು ಗಂಟೆ ತಡೆದುಕೊಂಡಿದ್ದರೆ ಏನಾಗುತ್ತಿತ್ತು?

ಹಳೇ ಗಿರಾಕಿಗಳಿಗೂ ಅಬ್ಬ ಅದೇ ಕಥೆ ಒಪ್ಪಿಸಿದರು. ಕೆಲವರು ನಕ್ಕು ಒಯ್ದರು, ಕೆಲವರು ನಾಳೆ ಬರುತ್ತೇವೆ ಅಂದರು. ಮಿಕ್ಕದ್ದು ಮನೆಗೆ ಬಂತು. ಫ್ರಿಜ್ಜಿನಲ್ಲಿ ಹಾಲಿಗೂ ಜಾಗ ಉಳಿಯಲಿಲ್ಲ. "ಇನ್ನು ಹದಿನೈದು ದಿನ ಈ ಮನೇಲಿ ತರಕಾರಿ ಹೆಸ್ರು ಎತ್ತಬೇಡಿ" ಎಂದು ಅಮ್ಮಿ ಪಾತ್ರೆ ಕುಕ್ಕಿದಳು. ಆದರೆ ಮೊದಲು ಬಡಿಸಿದ್ದು ಅಬ್ಬನಿಗೇ, ತೊಡೆಯ ತುಂಡು ಹುಡುಕಿ.

ಮರುದಿನ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಅಂಗಡಿಯ ಮುಂದೆ ಸ್ಕೂಟರು ನಿಂತ ಸದ್ದಾಯಿತು. ಅದರ ಹಿಂದೆ ಇನ್ನೊಂದು. ಕನ್ನಡಕದ ಹುಡುಗಿ, ಅವಳ ಜೊತೆಗೆ ತಲೆ ಕೆದರಿದ ಮೂವರು, ಎದ್ದವರು ಹಾಸಿಗೆಯಿಂದ ನೇರ ಇಲ್ಲಿಗೇ ಬಂದಂತಿದ್ದರು.

"ನಿನ್ನೆ ಕೋಳಿ ಬದ್ಲು ಮೊಟ್ಟೆ ಹಾಕಿಸ್ದೆ. ಎಲ್ಲರೂ ಹಿಗ್ಗಾಮುಗ್ಗಾ ಬೈದ್ರು" ಅಂದಳು ಕಾರ್ಯದರ್ಶಿ. "ಯಾಕೆ ಅಂತ ಹೇಳಿದ ಮೇಲೆ ಸುಮ್ನಾದ್ರು. ಇವತ್ತು ನಲವತ್ತು ಕೊಡ್ತೀರಾ ಅಂಕಲ್? ಇವ್ರಿಗೆ ನಿಂತು ನೋಡ್ಬೇಕಂತೆ."

ಅಬ್ಬ ಏಪ್ರನ್ನಿನ ದಾರ ಕಟ್ಟಲು ಹೋಗಿ ಎರಡು ಸಲ ತಪ್ಪಿದರು. ಮಗಳು ಹಿಂದಿನಿಂದ ಬಂದು ಗಂಟು ಹಾಕಿಕೊಟ್ಟಳು.

ಕಾರ್ಯದರ್ಶಿ ಮಗಳ ಕಿವಿಯ ಹತ್ತಿರ ಬಗ್ಗಿದಳು. "ನಾನು ತುಂಬಿದ ಫಾರ್ಮ್ ಇದೆಯಲ್ಲ, ಅದನ್ನ ವಾಪಸ್ ಕೊಡು. ಮುದ್ರೆಗೆ ಟಿಕ್ ಹಾಕಿದ್ದೆ. ಈಗ ಹಾಕ್ಬೇಕು ಅಂತಿರೋದಕ್ಕೆ ನೀನು ಜಾಗಾನೇ ಬಿಟ್ಟಿಲ್ಲ."

"ಶ್!" ಅಬ್ಬ ಬೆರಳೆತ್ತಿದರು. "ಮುಗಿಯೋವರೆಗೂ ಯಾರೂ ಪಿಟ್ ಅನ್ನಬಾರದು. ಅದರಲ್ಲೂ ನೀನು."

ಮಗಳು ಬೋರಲು ಬುಟ್ಟಿಯ ಮೇಲೆ ಕೂತು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅಬ್ಬನ ದನಿ ಎದ್ದಿತು. ಯಾವತ್ತೂ ತುಟಿಯೊಳಗೇ ಹೇಳಿಕೊಳ್ಳುತ್ತಿದ್ದುದನ್ನು ಇವತ್ತು ಬಾಗಿಲಾಚೆಗೂ ಕೇಳುವಂತೆ ಹೇಳಿದರು. ಬಿಸ್ಮಿಲ್ಲಾ, ಅಲ್ಲಾಹು ಅಕ್ಬರ್. ಒಂದು ಕೋಳಿ. ಮತ್ತೆ ಬಿಸ್ಮಿಲ್ಲಾ, ಮತ್ತೊಂದು ಕೋಳಿ. ಬಾಗಿಲಲ್ಲಿ ನಿಂತವರ ಆಕಳಿಕೆ ನಿಂತಿತು. ಕಾರ್ಯದರ್ಶಿಯ ತುಟಿ ಸದ್ದಿಲ್ಲದೆ ಎಣಿಸುತ್ತಿತ್ತು. ಬೀದಿಯಲ್ಲಿ ಹಾಲಿನ ವ್ಯಾನು ಬಂದು ಹೋಯಿತು. ದನಿ ಸ್ವಲ್ಪ ಗೊಗ್ಗರಾಯಿತು, ಆದರೆ ಎಲ್ಲಿಯೂ ತಪ್ಪಲಿಲ್ಲ.

ನಲವತ್ತು ಮುಗಿಯಿತು. ಅಬ್ಬ ಚಾಕುವನ್ನು ನೀರಿಗಿಟ್ಟು, ಕೈ ತೊಳೆದು, ನಲ್ಲಿಯನ್ನು ಪೂರ್ತಿ ತಿರುಗಿಸಿ ನಿಲ್ಲಿಸಿದರು. ಆಮೇಲೆ ಮಗಳ ಕಡೆ ನೋಡಿದರು.

"ಹೂಂ, ಈಗ ಜಗಳ ಆಡು. ಎಲ್ಲಿ ನಿನ್ನ ಅರ್ಜಿ?"

"ನಿನ್ನೆ ಬೇಡ ಅಂದ್ರಿ?"

"ಇವ್ರು ಬಂದು ನೋಡಿದ್ರು. ಬಂದು ನೋಡೋಕೆ ಆಗದೇ ಇರೋರೂ ಇರ್ತಾರಲ್ಲ" ಅಂದವರು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಪೆನ್ನಿಗಾಗಿ ಚಾಚಿದರು.